ಕುಂಕುಮದ ಪರೀಕ್ಷೆ

ಚಿತ್ರ ಬರೆಯೋ ನನ್ನ ಹಳೇ ಟ್ಯಾಬ್ಲೆಟ್‌ನ ಪರದೆಯಲ್ಲಿ ಕೆಂಪಗೇ ಕಂಡ ಮದುಮಗಳ ಕುಂಕುಮ, ಮದುವೆ ಫ್ಲೆಕ್ಸ್‌ನಲ್ಲಿ ಕಂದು ಬಣ್ಣವಾಗಿ ಬಂತು. "ನನ್ನ ಮಗಳ ಹಣೆಗೆ ಇಟ್ಟಿಗೆ ಪುಡಿ ಬಳಿದಿದ್ದೀಯೇನಪ್ಪಾ?" ಅಂದ್ರು ಅವಳ ತಂದೆ. ಇನ್ನೊಂದು ಸಲ ಹೀಗಾದ್ರೆ ಅಜ್ಜಂಪುರದಲ್ಲಿ ನನಗೆ ಯಾರೂ ಕೆಲಸ ಕೊಡಲ್ಲ. ಹಾಗಾಗಿ ಹೊಸ ಟ್ಯಾಬ್ಲೆಟ್ ಕೊಳ್ಳೋಕೆ ಬೀರೂರಿನ ಅಂಗಡಿಗೆ ಕುಂಕುಮದ ಭರಣಿ ಹಿಡಿದೇ ಹೋದೆ.

ಅಲ್ಲಿದ್ದ ಮೂರು ಟ್ಯಾಬ್ಲೆಟ್‌ಗಳಲ್ಲೂ ಕೆಂಪು ಬೊಟ್ಟು ಬರೆದು, ಬಣ್ಣ ಹೋಲಿಸೋಕೆ ಪಕ್ಕದಲ್ಲೇ ಪರದೆಯ ಗಾಜಿನ ಮೇಲೆ ಚಿಟಿಕೆ ಕುಂಕುಮ ಇಟ್ಟೆ.

"ಏನ್ರೀ ಇದು, ಪೂಜೆಗೆ ಬಂದ್ರಾ?" ಅಂತ ಅಂಗಡಿಯವನು ಬಟ್ಟೆ ಹಿಡಿದು ಓಡಿ ಬಂದ.

"ಇಟ್ಟ ಕುಂಕುಮ ಒರೆಸಿದ್ರೆ ಅಂಗಡಿಗೆ ಒಳ್ಳೇದಲ್ಲ ಕಣ್ರೀ," ಅಂದೆ, ಮುಖ ಗಂಟಿಕ್ಕಿ. ಅವನ ಕೈ ಅಲ್ಲೇ ನಿಂತಿತು.

ಎರಡರಲ್ಲಿ ಬಣ್ಣ ಹೊಂದಲಿಲ್ಲ. ಮೂರನೆಯದರಲ್ಲಿ ಬೊಟ್ಟು ಯಾವುದು, ಕುಂಕುಮ ಯಾವುದು ಅಂತ ಗೊತ್ತಾಗಲಿಲ್ಲ. ಅದನ್ನೇ ತಗೊಂಡೆ.

ಉಳಿದೆರಡು ಇನ್ನೂ ಕುಂಕುಮ ಹೊತ್ತು ಅಂಗಡಿಯಲ್ಲೇ ಕೂತಿವೆ. ಮೊನ್ನೆ ನೋಡಿದ್ರೆ ಒಂದಕ್ಕೆ ಹೂವೂ ಏರಿತ್ತು. ಆ ಹೂವು ಮಾತ್ರ ನಾನಿಟ್ಟಿದ್ದಲ್ಲ, ನಂಬಿ.