ಭಾವನ ಎಲೆಗೆ ಬೀಳದ ಕುಂಬಳದ ಪಲ್ಯ

ಮೊನ್ನೆ ಬಾಣಲೆಯಲ್ಲಿ ಬೆಲ್ಲ ಸ್ವಲ್ಪ ಸೀದುಹೋಯಿತು. ಅದರ ಮೇಲೆ ಮೆಣಸಿನಪುಡಿ ಬಿದ್ದದ್ದೇ ತಡ, ಘಾಟಿಗೆ ಕಣ್ಣು ತುಂಬಿ ಪಕ್ಕದ ಮನೆಯ ಅಕ್ಕ ನೆನಪಾದಳು...

ನಾನು ಮದುವೆಯಾಗಿ ಕೋಲಾರದ ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಪಕ್ಕದ ಮನೆ ಅಕ್ಕನ ಅಣ್ಣನದು. ಅವಳ ಭಾವ, ಅಂದರೆ ಗಂಡನ ಅಣ್ಣ, ಬಂಗಾರಪೇಟೆ ಸ್ಟೇಷನ್ ಎದುರು ಊಟದ ಹೋಟೆಲ್ ಇಟ್ಟಿದ್ದ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೂ ಅಕ್ಕ ಅಲ್ಲೇ ಅಡುಗೆ ಮಾಡಿಕೊಂಡಿದ್ದಳು. ಅವಳ ಸಿಹಿಗುಂಬಳದ ಪಲ್ಯಕ್ಕಾಗಿಯೇ ಜನ ಬರುತ್ತಿದ್ದರಂತೆ. ಓರಗಿತ್ತಿ ಪಕ್ಕದಲ್ಲಿ ನಿಂತು ಅದನ್ನು ಕಲಿತಳು. ಕಲಿತದ್ದಾಯಿತು ಅನ್ನಿಸಿದ ದಿನ ಭಾವ, ಊಟಕ್ಕೆ ಕೂತವರೆಲ್ಲ ಕೇಳುವಂತೆ ಹೇಳಿದ: "ಗಂಡನ್ನ ನುಂಗ್ಕೊಂಡೋಳ ಕೈಯಡುಗೆ ಉಣ್ಣಕ್ಕೆ ಜನ ಏಸ್ಕೊಂತಾರೆ. ನಿಮ್ಮಣ್ಣನ ಮನೇಗೆ ಒಂಟೋಗು."

ಉಟ್ಟ ಸೀರೆಯಲ್ಲೇ ಬಂದಳು.

"ಅವ್ನ ಬಾಗ್ಲು ಮುಚ್ಚಿಸ್ತೀನಿ ಕಣಮ್ಮಿ" ಎಂದಳು ನನ್ನ ಹತ್ತಿರ. ದನಿ ಏರಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಸೆರಗಿಗೆ ಗಂಟುಹಾಕಿ ತಂದಿದ್ದ ಚಿನ್ನದ ಬಳೆ ಮಾರಿ, ಆ ಹೋಟೆಲಿಗೆ ಎದುರಾಗಿಯೇ ಗರಿಯ ಚಪ್ಪರ ಹಾಕಿಸಿ ಒಲೆ ಹೂಡಿದಳು. ಸಹಾಯಕ್ಕೆಂದು ಬೆಳಗಿನ ರೈಲಿಗೆ ನಾನೂ ಹೋಗುತ್ತಿದ್ದೆ. ಬೇತಮಂಗಲದ ಕಡೆಯ ಕುಂಬಳವನ್ನು ಸಿಪ್ಪೆ ಸಮೇತ ದಪ್ಪ ಹೋಳು ಮಾಡಿ, ಕಡಲೆಕಾಯಿ ಎಣ್ಣೆಯಲ್ಲಿ ಮುಚ್ಚಳ ಹಾಕದೆ ಹುರಿಯುತ್ತಿದ್ದಳು. ಅಂಚು ಕಪ್ಪಾಗುವವರೆಗೂ ಸೌಟು ಆಡಿಸಲು ಬಿಡುತ್ತಿರಲಿಲ್ಲ. ಆಮೇಲೆ ಹುಣಸೆರಸ, ಬೆಲ್ಲ. ಬೆಲ್ಲ ಕುದಿದು ಹೋಳಿಗೆ ಅಂಟುವಾಗ ಹುರಿದ ಮೆಣಸಿನಕಾಯಿ, ಹುಚ್ಚೆಳ್ಳಿನ ಪುಡಿ. ಆ ಹೊತ್ತಿಗೆ ಸರಿಯಾಗಿ ಮೊರ ಹಿಡಿದು ಹೊಗೆಯನ್ನು ಭಾವನ ಬಾಗಿಲ ಕಡೆಗೆ ಬೀಸುತ್ತಿದ್ದಳು. ಅಲ್ಲಿ ಕೈತೊಳೆದು ಕೂತವರು ಎದ್ದು ಇಲ್ಲಿಗೆ ಬರುವುದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ...

ಎರಡು ಮಳೆಗಾಲ ಕಳೆಯುವುದರಲ್ಲಿ ಭಾವ ಹೋಟೆಲಿಗೆ ಬೀಗ ಹಾಕಿದ. ಅದಾದ ಮೇಲೆ ಒಂದು ಮಧ್ಯಾಹ್ನ ಅವನೇ ಬಂದು, ಎಲ್ಲರ ಜೊತೆ ಎಲೆ ಮುಂದೆ ಕೂತ. ಇಳಿದುಹೋಗಿದ್ದ. ಅಕ್ಕ ಅನ್ನ ಬಡಿಸಿದಳು, ಸಾರು ಬಡಿಸಿದಳು. ಪಲ್ಯವನ್ನು ಅವನ ಆಚೆಯವನಿಗೂ ಈಚೆಯವನಿಗೂ ಹಾಕಿ ಮುಂದೆ ಹೋದಳು.

"ನನ್ನ ಎಲೆಗಮ್ಮಾ?" ಎಂದ ಮೆಲ್ಲಗೆ.

"ಗಂಡನ್ನ ನುಂಗ್ಕೊಂಡೋಳ ಕೈದು ಭಾವ. ಏಸ್ಕೊಂತೀರ."

ಊಟ ಮಾಡುತ್ತಿದ್ದವರ ಕೈ ನಿಂತಿತು. ಅವನು ಎಲೆ ಮಡಿಚಿಟ್ಟು ಎದ್ದುಹೋದ.

ಸಂಜೆ ರೈಲಿನಲ್ಲಿ ಕೇಳಿದೆ: "ಒಂದ್ ಓಳಾದ್ರೂ ಆಕ್ಬೋದಿತ್ತಲ್ಲಕ್ಕಾ?"

"ನನ್ ಜಾಗ್ದಲ್ಲಿ ನೀನಿದ್ದಿದ್ರೆ ಆಕ್ತಿದ್ದೆ. ಅದುಕ್ಕೇ ನಿಂಗೆ ಯಾರೂ ಎದರೋದಿಲ್ಲ" ಎಂದು ಕಿಟಕಿಯಾಚೆ ನೋಡಿದಳು.

ಭಾವ ಸತ್ತಾಗ ಅವಳು ಮಣ್ಣಿಗೂ ಹೋಗಲಿಲ್ಲ. ಅಕ್ಕ ತೀರಿಕೊಂಡೂ ಈಗ ಬಹಳ ವರ್ಷಗಳಾದವು. ಕೊನೆಗಾಲದಲ್ಲಾದರೂ ಅವಳ ಮನಸ್ಸು ಕರಗಿತೆಂದು ಬರೆಯಲು ಆಸೆ, ಕರಗಲಿಲ್ಲ. ನಮ್ಮತ್ತೆ ಒಮ್ಮೆ ನನ್ನ ಮೇಲೆ ಕೈಯೆತ್ತಿದ್ದಕ್ಕೆ ಅಕ್ಕ ಅವರ ಜೊತೆ ಮಾತು ಬಿಟ್ಟವಳು ಮತ್ತೆ ಆಡಲೇ ಇಲ್ಲ. ಈಗಲೂ ಯಾರಾದರೂ ಚುಚ್ಚಿ ಮಾತಾಡಿದರೆ ನಾನು ನಕ್ಕು ಸುಮ್ಮನಾಗುತ್ತೇನೆ. ನನ್ನ ಪರವಾಗಿ ಅಷ್ಟು ಕೋಪ ಇಟ್ಟುಕೊಳ್ಳುವವರು ಈಗ ಯಾರೂ ಉಳಿದಿಲ್ಲ.