ಮೂಲೆಯ ಕಮಾನು

ಕಮಾನಿನ ಕೆಳಗಿನ ನಾಲ್ಕು ಬೆಣೆಗಳಲ್ಲಿ ಎರಡನ್ನು ಕಾಕಾ ಆಗಲೇ ಹೊಡೆದು ತೆಗೆದಿದ್ದರು. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಮಿರಜಿನ ಆ ಹಳೆಯ ಕಾಲೇಜನ್ನು ಕಟ್ಟಿಸಿದ ಪುಣ್ಯಾತ್ಮ ಇಂಗ್ಲೆಂಡಿನಲ್ಲಿ ಓದಿ ಬಂದವನು. ತಾನು ಓದಿದ ಕಾಲೇಜನ್ನೇ ಇಲ್ಲಿ ಕರಿಕಲ್ಲಿನಲ್ಲಿ ಎಬ್ಬಿಸಿದ್ದ. ಗೋಪುರದ ಹೆಬ್ಬಾಗಿಲು, ಒಳಗೆ ಚೌಕವಾದ ಅಂಗಳ, ಸುತ್ತ ಚಪ್ಪಟೆ ಕಮಾನುಗಳ ಪಡಸಾಲೆ. ಅಲ್ಲಿ ಅಂಗಳದ ಹುಲ್ಲನ್ನು ಹುಡುಗರು ತುಳಿಯುವಂತಿಲ್ಲವಂತೆ. ಇಲ್ಲಿ ತುಳಿಯೋಣವೆಂದರೂ ಹುಲ್ಲಿಲ್ಲ, ಬೈಕುಗಳಿವೆ. ಕಳೆದ ಮಳೆಗಾಲದಲ್ಲಿ ಪಡಸಾಲೆಯ ಮೂಲೆಯ ಕಮಾನು ಕುಸಿದಾಗ ಅದನ್ನು ಮತ್ತೆ ಕಟ್ಟಿಸುವ ಕೆಲಸ ನನಗೆ ಬಂತು. ಆರ್ಕಿಟೆಕ್ಟ್ ಆದ ಮೇಲೆ ನನ್ನ ಮೊದಲ ಸ್ವಂತ ಕೆಲಸ. ಇಂಗ್ಲೆಂಡಿನ ಆ ಕಾಲೇಜಿನ ಫೋಟೋಗಳನ್ನು ಎದುರಿಗಿಟ್ಟುಕೊಂಡು, ಕಮಾನಿನ ಬಾಗು ಕೂದಲೆಳೆಯಷ್ಟೂ ತಪ್ಪದಂತೆ ನಕ್ಷೆ ಬರೆದೆ. ಹಳೆಯದು ಯಾಕೆ ಬಿತ್ತು ಅಂತ ಮಾತ್ರ ಕೇಳಿಕೊಳ್ಳಲಿಲ್ಲ. ಅಷ್ಟು ಜಂಬ.

ಹೊಸ ಕಮಾನು ಕಟ್ಟಿದವರು ಹತ್ತಿರದ ಖಂಡೇರಾಜುರಿಯ ಗೌಂಡಿ ಕಾಕಾ. ಸಾಂಗ್ಲಿಯ ನಮ್ಮ ಮನೆಯಂತೆ ಅವರದೂ ಒಳಗೆ ಕನ್ನಡ, ಹೊರಗೆ ಮರಾಠಿ. ಸೆಂಟರಿಂಗ್ ಬಿಚ್ಚುವಾಗ, ಅಂದರೆ ಕಮಾನನ್ನು ಹೊತ್ತ ಕಟ್ಟಿಗೆಯನ್ನು ಬೆಣೆ ಹೊಡೆದು ತೆಗೆಯುವಾಗ, ಕೆಳಗೆ ತಾವೇ ಕೂರುವುದು ಅವರ ಮನೆತನದ ರೂಢಿ. ಕಟ್ಟಿದವನಿಗೇ ನಂಬಿಕೆ ಇಲ್ಲದ ಕಮಾನಿನ ಕೆಳಗೆ ಮಂದಿ ಯಾಕೆ ಓಡಾಡಬೇಕು ಅನ್ನುತ್ತಿದ್ದರು.

ಹಿಂದಿನ ಸಂಜೆ ಆ ಫೋಟೋಗಳಲ್ಲಿ ಒಂದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ಸಾಲಿನ ಕೊನೆಯಲ್ಲಿ, ಮೂಲೆಯ ಕಂಬಕ್ಕೆ ಒತ್ತಿ ನಿಂತ ದಪ್ಪ ಕಲ್ಲಿನ ಆಸರೆ. ಅದನ್ನು ನಾನು ಅಲಂಕಾರ ಅಂದುಕೊಂಡಿದ್ದೆ. ಚಪ್ಪಟೆ ಕಮಾನು ಕಂಬವನ್ನು ಹೊರಕ್ಕೆ ದಬ್ಬುತ್ತದೆ, ಅದನ್ನು ತಡೆಯುವುದೇ ಆ ಆಸರೆ. ನಮ್ಮಲ್ಲೂ ಅದು ಇತ್ತು. ಬೈಕು ಒಳಗೆ ಬರಲಿ ಅಂತ ಯಾರೋ ಎಂದೋ ಒಡೆದು ಹಾಕಿದ್ದರು. ಹಳೆಯ ಕಮಾನು ಬಿದ್ದದ್ದೂ ಅದಕ್ಕೇ. ಉಳಿದ ಮೋಟು ಕಲ್ಲಿನ ಮೇಲೆ ಕೂತು ನಾನೇ ಎಷ್ಟು ಸಲ ಚಹಾ ಕುಡಿದಿದ್ದೆ! ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಕಾಲೇಜಿನ ಹಿರಿಯರೆಲ್ಲ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಹೋಗಿ ಅವರ ಪಕ್ಕ ನಿಂತೆ.

ಕಾಕಾ ಮೂರನೆಯ ಬೆಣೆಗೆ ಸುತ್ತಿಗೆ ಎತ್ತಿದರು.

“ಕಾಕಾ, ಥಾಂಬಾ!” ಗಾಬರಿಯಲ್ಲಿ ಮರಾಠಿಯೇ ಬಂತು. “ನಿಲ್ಲಸ್ರಿ, ಹೊರಗ ಬರ್ರಿ. ತಪ್ಪು ನಂದೈತಿ. ಮೂಲಿ ಕಂಬಕ್ಕ ಆಸರ ಬೇಕಿತ್ತು, ನಾ ನಕ್ಷೇದಾಗ ಹಾಕಿಲ್ಲ.”

ತೆಗೆದ ಎರಡೂ ಬೆಣೆಗಳನ್ನು ಮತ್ತೆ ಬಿಗಿದೇ ಕಾಕಾ ಹೊರಗೆ ಬಂದರು.

“ಯಾವಾಗ ಗೊತ್ತಾತು?”

“ನಿನ್ನಿ ಸಂಜಿಕ.”

“ನಿನ್ನಿ ಸಂಜಿಕ ಗೊತ್ತಾಗಿ, ಎರಡು ಬೆಣಿ ತಗಿಯೂತನಕ ನೋಡ್ಕೋತ ನಿಂತಿದ್ದಿಯಲ್ಲಾ!”

ಕುರ್ಚಿಯಲ್ಲಿ ಕೂತವರ ಮುಂದೆ ನನ್ನ ಮರ್ಯಾದೆ ಹೋಗುವುದು ಕಾಕಾರ ಜೀವಕ್ಕಿಂತ ದೊಡ್ಡದಾಗಿತ್ತು. ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಸರೆ ಕಟ್ಟಿ ಮುಗಿಯಲು ಒಂದು ತಿಂಗಳು ಹಿಡಿಯಿತು. ಅಷ್ಟೂ ದಿನ ಕಾಕಾ ನನ್ನೊಡನೆ ಕಲ್ಲು, ಸುಣ್ಣ ಬಿಟ್ಟು ಬೇರೆ ಮಾತಾಡಲಿಲ್ಲ. ಬೆಣೆ ತೆಗೆಯುವ ದಿನ ಸುತ್ತಿಗೆಯನ್ನು ನನ್ನ ಕೈಗಿಟ್ಟರು.

“ಈ ಸಲ ನೀ ಕುಂದ್ರು.”

ಕೂತೆ. ಮೂರು ಬೆಣೆ ಬಂದವು. ಮೇಲಿಂದ ಸುಣ್ಣದ ಪುಡಿ ತಲೆಯ ಮೇಲೆ ಉದುರಿತು. ನಾಲ್ಕನೆಯದಕ್ಕೆ ಎತ್ತಿದ ಸುತ್ತಿಗೆಯನ್ನು ಮತ್ತೆ ಕೆಳಗಿಳಿಸಿದೆ. ಆಗ ಕಾಕಾ ಬಗ್ಗಿ ಒಳಗೆ ಬಂದರು.

“ಸ್ವಲ್ಪ ಸರಿ,” ಅಂದು ಪಕ್ಕದಲ್ಲಿ ಕೂತರು. “ಹಾಂ, ಈಗ ಹೊಡಿ.”

ಹೊಡೆದೆ. ಕಮಾನು ಕದಲಲಿಲ್ಲ. ನಾವಿಬ್ಬರೂ ಬಹಳ ಹೊತ್ತು ಅದರ ಕೆಳಗೇ ಕೂತಿದ್ದೆವು.