ಡಿಗ್ರಿ ಬರದ ಹಾಲು

ಪ್ರೀತಿ ಮುರಿದರೆ ಗಂಡಿಗೆ ಗಡ್ಡ ಬರುತ್ತದೆ, ಹೆಣ್ಣಿಗೆ ಹೆಸರು ಬರುತ್ತದೆ. ಇದು ನಿಮಗೂ ಗೊತ್ತಿದೆ. ಸಿಂಧಘಟ್ಟದ ಅರ್ಪಿತಳಿಗೆ ಬಂದ ಹೆಸರು 'ಬೈಕ್ ಹತ್ತಿದೋಳು'. ಎರಡು ವರ್ಷ ಅವಳನ್ನು ಹಿಂದೆ ಕೂರಿಸಿಕೊಂಡು ಹೇಮಗಿರಿಯವರೆಗೂ ಸುತ್ತಿಸಿದ ಚಲುವರಾಜುವಿಗೆ ಗಡ್ಡವೂ ಬರಲಿಲ್ಲ. ಮದುವೆಯ ಮಾತು ಕೊಟ್ಟಿದ್ದವನು ಅದೇ ಊರಿನ ಯೋಗಶ್ರೀಯನ್ನೂ ಜೊತೆಜೊತೆಗೇ ಸುತ್ತಿಸುತ್ತಿದ್ದ. ಗುಟ್ಟು ಬಯಲಾದ ದಿನವೇ ಅರ್ಪಿತಳನ್ನು ಬಿಟ್ಟ.

ಅರ್ಪಿತ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಗಾಜಿನ ಕಡ್ಡಿಯನ್ನು ಹಾಲಿಗೆ ಬಿಟ್ಟು, ಎಷ್ಟು ಮುಳುಗಿತೆಂದು ನೋಡಿ ಡಿಗ್ರಿ ಕೂಗಬೇಕು. ನೀರು ಬೆರೆತಿದ್ದರೆ ಡಿಗ್ರಿ ಬರುವುದಿಲ್ಲ, ಹಾಲು ವಾಪಸು. ಅವಳು ಕೂಗಿದ್ದನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಅವಳಿಗೆ ಉಳಿದಿದ್ದ ಮರ್ಯಾದೆ ಅದೊಂದೇ.

ಯೋಗಶ್ರೀ ದಿನಾ ಬೆಳಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಅವಳ ಜಡೆ, ಅವಳ ಬಣ್ಣ, ಅವಳು ನಿಲ್ಲುವ ಠೀವಿ, ಎಲ್ಲವನ್ನೂ ಅರ್ಪಿತ ಕಣ್ಣಲ್ಲೇ ಅಳೆಯುತ್ತಿದ್ದಳು. ನನಗಿಂತ ಇವಳಲ್ಲಿ ಏನು ಹೆಚ್ಚು? ಒಂದು ದಿನ ಯೋಗಶ್ರೀ ಚಲುವರಾಜುವಿನ ನೀಲಿ ಜರ್ಕಿನ್ ಹಾಕಿಕೊಂಡೇ ಬಂದಳು. ಅದರ ಹರಿದ ಜೇಬನ್ನು ಹೊಲಿದುಕೊಟ್ಟಿದ್ದು ಅರ್ಪಿತ. ಆ ಹೊಲಿಗೆ ನೋಡುತ್ತಲೇ ಅವಳ ಹಾಲಿಗೆ ಕಡ್ಡಿ ಬಿಟ್ಟಳು.

ಕಡ್ಡಿ ಇಪ್ಪತ್ತೆಂಟಕ್ಕೆ ನಿಂತಿತ್ತು, ನೀರಿಲ್ಲದ ಹಾಲು. "ಇಪ್ಪತ್ತೆರಡು. ನೀರೈತೆ, ವಾಪಸ್ ತಗಂಡೋಗು" ಎಂದಳು.

"ಪ್ರೀತಿನೂ ಬೆರಕೆ, ಆಲೂ ಬೆರಕೆ" ಎಂದ ಸಾಲಿನಲ್ಲಿದ್ದ ಕುಳ್ಳಯ್ಯ. ಅರ್ಪಿತಳ ಕಿವಿಗೆ ಬೆಲ್ಲ ಬಿದ್ದಂತಾಯಿತು.

ಅಷ್ಟರಲ್ಲಿ ಚಲುವರಾಜು ಕ್ಯಾನು ತಂದ. "ಬಾ ಲಾ ಚಲ್ವ, ಮುಂದಕ್ ಬಾ. ಇಬ್ರೂ ಇಲ್ಲೇ ಅವ್ರೆ ನೋಡು" ಎಂದು ಅದೇ ಕುಳ್ಳಯ್ಯ ದಾರಿ ಬಿಟ್ಟ. "ಗಂಡ್ಸು ಕಣ್ಲಾ ನೀನು. ಕೆಸ್ರು ಕಂಡಲ್ಲಿ ತುಳ್ದು ನೀರು ಕಂಡಲ್ಲಿ ತೊಳ್ಕಂಬುಡ್ತೀಯ." ಸಾಲೆಲ್ಲ ನಕ್ಕಿತು. ಚಲುವರಾಜುವೂ ನಕ್ಕ.

ಯೋಗಶ್ರೀ ನಗಲಿಲ್ಲ. "ಅಕ್ಕ, ಇನ್ನೊಂದ್ಸಲ ಕಡ್ಡಿ ಬುಟ್ನೋಡು" ಎಂದಳು, ಮೆಲ್ಲಗೆ. "ನೀನಿದ್ದೆ ಅಂತ ಅವ್ನು ನಂಗೂ ಏಳಿರ್ಲಿಲ್ಲ."

ಅರ್ಪಿತ ಜರ್ಕಿನ್ನಿನ ಹೊಲಿಗೆಯನ್ನೇ ನೋಡಿದಳು. ಉರಿ ಆರಿರಲಿಲ್ಲ. ಆದರೆ ತಮ್ಮಿಬ್ಬರಲ್ಲಿ ಕೆಸರು ಯಾರು, ನೀರು ಯಾರು? ಕಡ್ಡಿಯನ್ನು ಮತ್ತೆ ಬಿಟ್ಟಳು.

"ಇಪ್ಪತ್ತೆಂಟು. ಒಟ್ಟೆಕಿಚ್ಚಿಗೆ ಸುಳ್ಳೇಳ್ಬುಟ್ಟೆ."

ಡೈರಿ ಕಾರ್ಯದರ್ಶಿ ನಂಜಪ್ಪ ಅವಳ ಕೈಯಿಂದ ಕಡ್ಡಿ ಕಿತ್ತುಕೊಂಡ. "ನಾಳೆಯಿಂದ ಬರ್ಬ್ಯಾಡ ಕಣವ್ವ."

ಒಂದು ಸುಳ್ಳಿಗೆ ಕೆಲಸ ಹೋಯಿತು. ನ್ಯಾಯವೇ ಸರಿ. ಆದರೆ ಎರಡು ವರ್ಷ ಸುಳ್ಳು ಹೇಳಿದವನ ಹಾಲನ್ನು ನಂಜಪ್ಪ ಕಡ್ಡಿಯನ್ನೂ ಬಿಡದೆ ಸುರಿದುಕೊಂಡ. ಅರ್ಪಿತ ಈಗಲೂ ಬೈಕಿನ ಸದ್ದಾದರೆ ಕಿಟಕಿಗೆ ಬರುತ್ತಾಳೆ, ಹಿಂದೆ ಕೂತವಳು ಯಾರೆಂದು ನೋಡಲು.

ನಾಳೆ ನಿಮ್ಮೂರಿನ ಸಾಲಿಗೂ ಒಬ್ಬ ಚಲುವರಾಜು ಬರುತ್ತಾನೆ. ದಾರಿ ಬಿಡಬೇಡಿ. ಅವನು ಹೇಳಿದ ಸುಳ್ಳನ್ನು ಎಲ್ಲರೆದುರು ಅವನ ಬಾಯಿಂದಲೇ ಹೇಳಿಸಿ.